ಕರಕರ ಸದ್ದಿನ ಹಿಂದಿರುವ ಸ್ವರ

ನಿಮ್ಮ ಮನೆಯ ಕಪಾಟಿನಲ್ಲಿ ಹಳೆಯ ಕ್ಯಾಸೆಟ್‌ಗಳ ಪೆಟ್ಟಿಗೆ ಇದೆಯೇ? ಇದ್ದರೆ ಅದನ್ನು ಗುಜರಿಯವನಿಗೆ ಕೊಡುವ ಮುನ್ನ ಸ್ವಲ್ಪ ತಾಳಿ.

ಕರಾವಳಿಯ ಗಂಡಸರು ಗಲ್ಫಿಗೆ ಹೊರಟ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಫೋನ್ ಇರಲಿಲ್ಲ. ಓದು ಬರಹ ಬಾರದ ತಾಯಂದಿರು ಟೇಪ್ ರೆಕಾರ್ಡರ್ ಮುಂದೆ ಕುಳಿತು ಮಾತಾಡಿ, ರಜೆ ಮುಗಿಸಿ ಮರಳುವವರ ಕೈಯಲ್ಲಿ ಕ್ಯಾಸೆಟ್ ಕಳುಹಿಸುತ್ತಿದ್ದರು. ಮಾಜಾಳಿಯ ನಮ್ಮ ಮನೆಯಲ್ಲೂ ಅಂಥದೊಂದು ಸಿಕ್ಕಿತು. 1987ರಲ್ಲಿ ನನ್ನ ಅತ್ತೆ ಕುವೈತಿನಲ್ಲಿದ್ದ ಮಗನಿಗೆ ಕಳುಹಿಸಿದ್ದು. ಅತ್ತೆ ಈಗಿಲ್ಲ. ಆತುರದಲ್ಲಿ ನಾನು ಅದನ್ನು ನೇರ ಟೇಪಿಗೆ ಹಾಕಿದೆ. ಕರಕರ ಸದ್ದಾಯಿತು, ಪಟ್ಟಿ ಸಿಕ್ಕಿಕೊಂಡು ಒಂದು ಗೇಣಿನಷ್ಟು ಹಾಳಾಯಿತು. ಪಟ್ಟಿ ಓಡುವುದು ಸೆಕೆಂಡಿಗೆ 4.76 ಸೆಂ.ಮೀ. ಅಂದರೆ ಹೋದದ್ದು ನಾಲ್ಕೇ ಸೆಕೆಂಡು. ಆದರೆ ಮಗನ ಹೆಸರು ಹಿಡಿದು ಕರೆಯಲು ಅಷ್ಟು ಸಾಕಲ್ಲವೇ? ನನ್ನ ತಪ್ಪು ನಿಮ್ಮಿಂದ ಆಗದಿರಲಿ.

ಹಳೆಯ ಧ್ವನಿ ಉಳಿಯುತ್ತದೆಯೇ ಎಂದು ಕೇಳುವಿರಾ? 1902ರಲ್ಲಿ ಕೋಲ್ಕತಾದಲ್ಲಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದರು. ಕೊನೆಗಾಲದಲ್ಲಿ ಮೈಸೂರು ಅರಸರ ಆಶ್ರಯದಲ್ಲಿದ್ದು, 1930ರಲ್ಲಿ ಅಲ್ಲಿಯೇ ತೀರಿಕೊಂಡರು. ನೂರು ವರ್ಷ ದಾಟಿದ ಆ ಸ್ವರವನ್ನು ಇಂದಿಗೂ ಕೇಳಬಹುದು. ತಟ್ಟೆಗಳನ್ನು ಜೋಪಾನ ಮಾಡಿದವರು ಇದ್ದುದರಿಂದ ಅದು ಸಾಧ್ಯವಾಯಿತು.

ತಟ್ಟೆಯಲ್ಲಿ ಟಿಕ್ ಟಿಕ್ ಸದ್ದು ಬರುವುದು ಗೀರು, ಧೂಳಿನಿಂದ. ಕ್ಯಾಸೆಟ್ಟಿನಲ್ಲಿ ಸಾಮಾನ್ಯವಾಗಿ ಕೇಳುವುದು ‘ಸ್ಸ್’ ಎಂಬ ಶಬ್ದ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದರೆ ಸ್ವರ ಮಸುಕಾಗುತ್ತದೆ, ನಡುನಡುವೆ ಕಡಿದುಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿ ನೋಡಿ. ಪಟ್ಟಿಯ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಹಾಕಬೇಡಿ, ಬೇರೆ ಕ್ಯಾಸೆಟ್‌ಗಳಿಂದ ದೂರವಿಟ್ಟು ತಿಳಿದವರಿಗೆ ಕೊಡಿ. ಚೆನ್ನಾಗಿರುವುದಾದರೆ ಹಿಂಬದಿಯ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ಮುರಿಯಿರಿ. ಆಗ ಅದರ ಮೇಲೆ ಅಕಸ್ಮಾತ್ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಟೇಪಿನ ಹೆಡ್ಡನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಲು ಬಿಡಿ.

ನಂತರ ಟೇಪನ್ನು ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ ಪೂರ್ತಿ ರೆಕಾರ್ಡ್ ಮಾಡಿ. ಎಂಪಿ3 ಬೇಡ, ‘ವೇವ್’ ಫೈಲಾಗಿ ಉಳಿಸಿ. ಆ ಮೂಲ ಪ್ರತಿಯನ್ನು ಎಂದೂ ತಿದ್ದಬೇಡಿ. ಏನೇ ಮಾಡುವುದಿದ್ದರೂ ಇನ್ನೊಂದು ಪ್ರತಿಯಲ್ಲಿ ಮಾಡಿ.

ಇದಕ್ಕೆ ‘ಆಡಾಸಿಟಿ’ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಯಾರೂ ಮಾತಾಡದ ಒಂದೆರಡು ಸೆಕೆಂಡು ಜಾಗವನ್ನು ತೋರಿಸಿದರೆ, ಅಲ್ಲಿರುವ ‘ಸ್ಸ್’ ಶಬ್ದವನ್ನು ಗುರುತಿಸಿ ಉಳಿದೆಡೆಯಲ್ಲೂ ತಗ್ಗಿಸುತ್ತದೆ. ಟಿಕ್ ಎಂಬ ಸದ್ದಾದರೋ ಹಠಾತ್ ಏರಿ ಇಳಿಯುವ ಮುಳ್ಳಿನಂತೆ ಗೆರೆಯಲ್ಲಿ ಕಾಣುತ್ತದೆ. ಅದು ಸೆಕೆಂಡಿನ ಸಾವಿರದ ಕೆಲವೇ ಭಾಗದಷ್ಟು ಚಿಕ್ಕದು. ಸಾಫ್ಟ್‌ವೇರ್ ಆ ಮುಳ್ಳನ್ನು ಕಿತ್ತು, ಹಿಂದಿನ ಮುಂದಿನ ಧ್ವನಿಯ ಆಧಾರದಿಂದ ತೂತಿಗೆ ತೇಪೆ ಹಾಕುತ್ತದೆ, ನಾವು ಹರಿದ ಬಟ್ಟೆಯನ್ನು ರಫು ಮಾಡಿದಂತೆ.

ಆದರೆ ಅತಿಯಾಸೆ ಬೇಡ. ‘ಕ’, ‘ತ’, ‘ಪ’ ಅಕ್ಷರಗಳೂ ಹಠಾತ್ ಸದ್ದುಗಳೇ. ಸದ್ದನ್ನೆಲ್ಲ ತೆಗೆಯಲು ಹೋದರೆ ಮಾತು ಮೊಂಡಾಗುತ್ತದೆ, ಸ್ವರ ನೀರಿನೊಳಗಿಂದ ಬಂದಂತಾಗುತ್ತದೆ. ಅತ್ತೆಯ ಮಾತಿನ ನಡುವಿದ್ದ ಕೆಮ್ಮನ್ನೂ ಕೋಳಿಯ ಕೂಗನ್ನೂ ನಾನು ಹಾಗೆಯೇ ಬಿಟ್ಟೆ. ಅದೂ ಆ ಮನೆಯದೇ ಅಲ್ಲವೇ?

ಇನ್ನೊಂದು ಮಾತು. ಈ ಕ್ಯಾಸೆಟ್‌ಗಳಲ್ಲಿ ಹೆಂಡತಿ ಗಂಡನಿಗೆ ಹೇಳಿಕೊಂಡ ದುಃಖವಿರಬಹುದು, ಮನೆಯ ಜಗಳವಿರಬಹುದು. ಅದು ನಮ್ಮ ಕೈಗೆ ಬಂದ ಅಮಾನತ್ತು. ಸಂಬಂಧಪಟ್ಟವರನ್ನು ಕೇಳದೆ ವಾಟ್ಸಪ್ಪಿನಲ್ಲಿ ಹಂಚಬೇಡಿ.

ನಾನು ಸರಿಪಡಿಸಿದ್ದನ್ನು ಕೇಳಿದ ನನ್ನ ಪತಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇನ್ನೊಮ್ಮೆ ಹಾಕು" ಎಂದರು.

ಮುಂದಿನ ಮಳೆಗಾಲಕ್ಕೆ ಮುಂಚೆ ಆ ಪೆಟ್ಟಿಗೆ ತೆರೆಯಿರಿ. ನಿಮ್ಮ ಹಿರಿಯರು ಇನ್ನೂ ಮಾತಾಡುತ್ತಿದ್ದರೆ, ಅವರನ್ನು ಕೇಳಿ ಇವತ್ತೇ ಮೊಬೈಲಿನಲ್ಲಿ ಅವರ ಸ್ವರ ಹಿಡಿದಿಡಿ.