ಎರಡನೆಯ ಸ್ವರ: ಆದಿಕಾಂಡ 22ರ ವಿಧೇಯತೆ ಮತ್ತು ಹೊಸಪೇಟೆಯ ಕೆರೆಯ ಏರಿ

ದೇವರು ಕೇಳಿದನು, ಅಬ್ರಹಾಮನು ಕೊಡಲು ಹೊರಟನು, ಆದುದರಿಂದ ನಾವೂ ಕೇಳಿದ್ದನ್ನು ಕೊಡತಕ್ಕದ್ದು. ಆದಿಕಾಂಡ 22ನೆಯ ಅಧ್ಯಾಯದ ಸಾರವೆಂದು ಪ್ರಸಂಗಪೀಠದಿಂದ ನಾವು ಸಾಮಾನ್ಯವಾಗಿ ಕೇಳುವುದು ಇಷ್ಟೇ. ಈ ಸಾರಾಂಶವು ಹತ್ತನೆಯ ವಚನದಲ್ಲಿ, ಅಬ್ರಹಾಮನು ಕತ್ತಿಯನ್ನು ಕೈಗೆ ತೆಗೆದುಕೊಂಡ ಗಳಿಗೆಯಲ್ಲಿ, ನಿಂತುಬಿಡುತ್ತದೆ. ಕಥೆಯು ಅಲ್ಲಿ ನಿಲ್ಲುವುದಿಲ್ಲ. ಹನ್ನೊಂದನೆಯ ವಚನದಲ್ಲಿ ಎರಡನೆಯ ಸ್ವರವೊಂದು ಆಕಾಶದಿಂದ ಬರುತ್ತದೆ. ಅಬ್ರಹಾಮನ ವಿಧೇಯತೆ ಪೂರ್ಣಗೊಳ್ಳುವುದು ಆ ಸ್ವರಕ್ಕೆ ಅವನು ಕಿವಿಗೊಟ್ಟಾಗ ಎಂಬುದೇ ಈ ಲೇಖನದ ಪ್ರತಿಪಾದನೆ.

ಈ ಮಾತಿನ ತೂಕ ನಮಗೆ ತಿಳಿಯಬೇಕಾದರೆ ಮೊರೀಯದಿಂದ ನಮ್ಮ ನಾಡಿಗೆ ಬರಬೇಕು. ಕೃಷ್ಣದೇವರಾಯನ ಕಾಲದಲ್ಲಿ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಎರಡು ಗುಡ್ಡಗಳ ನಡುವೆ ಅರಸನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯೊಂದನ್ನು ವರ್ಣಿಸಿದ್ದಾನೆ. ಅಲ್ಲಿ 15,000ದಿಂದ 20,000 ಜನರು ದುಡಿಯುತ್ತಿದ್ದರೆಂದು ಅವನ ಅಂದಾಜು. ಈತನ ಮತ್ತು ಕೆಲವು ವರ್ಷಗಳ ಅನಂತರ ಬರೆದ ನೂನಿಜನ ವೃತ್ತಾಂತಗಳನ್ನು 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ರಾಬರ್ಟ್ ಸಿವೆಲ್, ಆ ಕೆರೆಯನ್ನು ಹೊಸಪೇಟೆಯ ಬಳಿ, ಸಂಡೂರು ಬೆಟ್ಟಗಳ ಕಡೆಗೆ ತೆರೆದುಕೊಳ್ಳುವ ಕಣಿವೆಯ ಬಾಯಲ್ಲಿ ಗುರುತಿಸಿದನು.

ಕೆರೆ ಎರಡು ಮೂರು ಸಾರಿ ಒಡೆಯಿತೆಂದೂ, ಕಾರಣ ಕೇಳಿದ ಅರಸನಿಗೆ ದೇವತೆಯು ಮನುಷ್ಯರ, ಕುದುರೆಗಳ, ಕೋಣಗಳ ರಕ್ತವನ್ನು ಬಯಸುತ್ತದೆಂಬ ಉತ್ತರ ದೊರೆಯಿತೆಂದೂ ಪಾಯೆಸನು ಹೇಳುತ್ತಾನೆ. ಗುಡಿಯ ಬಾಗಿಲಲ್ಲಿ 60 ಮಂದಿಯ ತಲೆಗಳನ್ನು ಕಡಿಯಲಾಯಿತೆಂಬುದು ಅವನ ವರದಿ. ನೂನಿಜನ ಪ್ರಕಾರ ಹಗಲು ಕಟ್ಟಿದ್ದು ರಾತ್ರಿ ಕುಸಿಯುತ್ತಿತ್ತು. ಬಲಿಯಾದವರು ಮರಣದಂಡನೆಗೆ ಅರ್ಹರೆನಿಸಿದ್ದ ಸೆರೆಯಾಳುಗಳು. ಇವು ಪರದೇಶಿಯರ ಬರಹಗಳು. ವಿವರಗಳಲ್ಲಿ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಆದರೂ ದೈವಾಜ್ಞೆಯೊಂದು ಹೇಗೆ ಹುಟ್ಟುತ್ತದೆ ಎಂಬುದನ್ನು ಅವು ತೋರಿಸುತ್ತವೆ. ಏರಿ ಒಡೆಯಿತು, ಕಾರಣ ತಿಳಿಯಲಿಲ್ಲ. ತಿಳಿಯದ ಕಾರಣವು ದೇವತೆಯ ಕೋಪವೆನಿಸಿತು. ಆ ಕೋಪಕ್ಕೆ ತಕ್ಕ ಬೆಲೆಯನ್ನು ಗೊತ್ತುಮಾಡಲಾಯಿತು. ಗೋವೆಯಿಂದ ಬಂದ ಜೊವಾವ್ ಡೆಲ್ಲಾ ಪೊಂಟೆ ಎಂಬ ಕಲ್ಲುಕೆಲಸದವನು ಸುಣ್ಣವನ್ನು ಸಿದ್ಧಮಾಡಿಸಿದಾಗ ಅರಸನು ಬಹಳ ನಕ್ಕನೆಂದೂ ನೂನಿಜನು ಬರೆಯುತ್ತಾನೆ. ಕೊನೆಗೆ ಕೆರೆ ನಿಂತಿತು. ಗದ್ದೆ ತೋಟಗಳಿಗೆ ನೀರು ಹರಿಯಿತು. ಒಂಬತ್ತು ವರ್ಷ ಆ ಭೂಮಿಗಳಿಗೆ ತೆರಿಗೆಯ ವಿನಾಯಿತಿ ದೊರೆಯಿತು. ಬಲಿಯಿಂದಲೇ ಕೆರೆ ನಿಂತಿತೆಂದು ನಂಬುವುದು ಫಲ ಉಂಡವರಿಗೆ ಎಷ್ಟು ಸುಲಭ!

ಇದನ್ನು ಅನ್ಯಧರ್ಮದ ದೋಷವೆಂದು ಬೆರಳು ತೋರಿಸುವ ಅಧಿಕಾರ ನಮಗಿಲ್ಲ. 1 ಅರಸುಗಳು 16:34ರಲ್ಲಿ ಬೇತೇಲಿನ ಹೀಯೇಲನು ಯೆರಿಕೋವನ್ನು ತಿರಿಗಿ ಕಟ್ಟುವಾಗ ಅಸ್ತಿವಾರಕ್ಕೆ ಚೊಚ್ಚಲ ಮಗನನ್ನೂ ಬಾಗಿಲುಗಳಿಗೆ ಕಿರಿಯ ಮಗನನ್ನೂ ಕಳೆದುಕೊಳ್ಳುತ್ತಾನೆ. ನ್ಯಾಯಸ್ಥಾಪಕರು 11ರಲ್ಲಿ ಯೆಫ್ತಾಹನು ಜಯಕ್ಕಾಗಿ ಹರಕೆ ಹೊತ್ತು ಒಬ್ಬಳೇ ಮಗಳನ್ನು ಅದಕ್ಕೆ ಒಪ್ಪಿಸುತ್ತಾನೆ. ಬೆನ್ ಹಿನ್ನೋಮ್ ಕಣಿವೆಯಲ್ಲಿ ಮಕ್ಕಳನ್ನು ಸುಟ್ಟವರು ಯೂದಾಯದವರೇ. ಅದನ್ನು ತಾನು ಆಜ್ಞಾಪಿಸಲಿಲ್ಲ, ಅದು ತನ್ನ ಮನಸ್ಸಿಗೂ ಬಂದಿರಲಿಲ್ಲ ಎಂದು ಯೆಹೋವನು ಯೆರೆಮೀಯ 7:31ರಲ್ಲಿ ಸ್ಪಷ್ಟಪಡಿಸಬೇಕಾಯಿತು. ಹಾಗೆ ಆಜ್ಞಾಪಿಸಿದ್ದಾನೆಂದು ನಂಬಿದ ಭಕ್ತರು ಇದ್ದರೆಂಬುದಕ್ಕೆ ಆ ನಿರಾಕರಣೆಯೇ ಸಾಕ್ಷಿ.

ಈಗ ಮೊರೀಯಕ್ಕೆ ಹಿಂದಿರುಗೋಣ. ‘ಇಗೋ, ಇದ್ದೇನೆ’ ಎಂಬ ಅರ್ಥದ ‘ಹಿನ್ನೇನಿ’ ಎಂಬ ಹೀಬ್ರೂ ಪದವನ್ನು ಅಬ್ರಹಾಮನು ಈ ಅಧ್ಯಾಯದಲ್ಲಿ ಮೂರು ಸಾರಿ ಉಚ್ಚರಿಸುತ್ತಾನೆ: ಮೊದಲನೆಯ ವಚನದಲ್ಲಿ ದೇವರಿಗೆ, ಏಳನೆಯದರಲ್ಲಿ ಮಗನಿಗೆ, ಹನ್ನೊಂದನೆಯದರಲ್ಲಿ ಯೆಹೋವನ ದೂತನಿಗೆ. ದೇವರಿಗೆ ಕೊಟ್ಟ ಉತ್ತರವನ್ನೇ ಅವನು ಸೌದೆ ಹೊತ್ತು ನಡೆಯುವ ಮಗನಿಗೂ ಕೊಡುತ್ತಾನೆ. ಕುರಿ ಎಲ್ಲಿ ಎಂಬ ಇಸಾಕನ ಪ್ರಶ್ನೆಗೆ ಕಿವಿ ತೆರೆದಿದ್ದ ತಂದೆಯೇ ಕತ್ತಿ ಹಿಡಿದಾಗಲೂ ದೂತನ ಕೂಗನ್ನು ಕೇಳಬಲ್ಲವನಾದನು. ಮಗುವಿನ ಪ್ರಶ್ನೆ ಕೇಳಿಸದವನಿಗೆ ಆ ಕೂಗೂ ಕೇಳಿಸುತ್ತಿರಲಿಲ್ಲವೇನೋ.

1843ರಲ್ಲಿ ಕೀರ್ಕೆಗಾರ್ಡನು ಈ ಕಥೆಯಲ್ಲಿ ನೀತಿಯ ನಿಯಮವನ್ನು ಮೀರುವ ನಂಬಿಕೆಯನ್ನು ಕಂಡನು. ಅದಕ್ಕೂ ಮೊದಲು, 1798ರಲ್ಲಿ, ಕಾಂಟನು ಮಗನನ್ನು ಕೊಲ್ಲಬಾರದೆಂಬುದು ನಿಶ್ಚಯ, ಈ ಸ್ವರ ದೇವರದೆಂಬುದು ನಿಶ್ಚಯವಲ್ಲ ಎಂದು ಅಬ್ರಹಾಮನು ಉತ್ತರಿಸಬೇಕಾಗಿತ್ತೆಂದು ವಾದಿಸಿದನು. ಇಬ್ಬರ ಗಮನವೂ ಮುಖ್ಯವಾಗಿ ಮೊದಲನೆಯ ಆಜ್ಞೆಯ ಮೇಲಿದೆ. ಮೂರು ದಿನ ಒಂದೇ ನಿಶ್ಚಯದಿಂದ ನಡೆದವನಿಗೆ ಕೊನೆಯ ಕ್ಷಣದಲ್ಲಿ ಕೈ ತಡೆಯುವುದು ಕೈ ಎತ್ತುವುದಕ್ಕಿಂತ ಕಷ್ಟವಾಗಿರಬಹುದು. ತನ್ನ ವಿಧೇಯತೆಯನ್ನೇ ಆರಾಧಿಸುವವನು ಆ ಕ್ಷಣದಲ್ಲಿ ನಿಲ್ಲಲಾರನು, ಅಬ್ರಹಾಮನು ನಿಂತನು. ಬಲಿಯ ನಿಶ್ಚಯಕ್ಕಿಂತ ದೇವರೇ ಅವನಿಗೆ ದೊಡ್ಡವನಾಗಿದ್ದನು.

ಹಾಗಾದರೆ ಯೆಫ್ತಾಹನ ಮಗಳಿಗಾಗಿ, ಹೊಸಪೇಟೆಯ ಆ ಅರುವತ್ತು ಮಂದಿಗಾಗಿ ದೂತನು ಏಕೆ ಕೂಗಲಿಲ್ಲ? ಈ ಪ್ರಶ್ನೆಯನ್ನು ನಯವಾದ ಮಾತಿನಿಂದ ಮುಚ್ಚಬಾರದು. ಇಷ್ಟು ಹೇಳಬಹುದು: ಮೊರೀಯದಲ್ಲಿ ಒಮ್ಮೆ ನುಡಿದ ಮಾತು ಅಲ್ಲಿಗೇ ಮುಗಿಯಲಿಲ್ಲ; ಅದನ್ನು ಕೇಳಿದ ಜನರ ಬಾಯಲ್ಲಿ ಅದು ಉಳಿದಿದೆ. ಯೆರೆಮೀಯನೂ, ಚೊಚ್ಚಲ ಮಗನ ಬಲಿಗೆ ಬದಲಾಗಿ ನ್ಯಾಯವನ್ನೂ ಕರುಣೆಯನ್ನೂ ಮುಂದಿಟ್ಟ ಮೀಕನೂ (6:6-8) ಅದನ್ನೇ ನುಡಿದರು. ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಯೆಫ್ತಾಹನ ಮಗಳನ್ನು ಸ್ಮರಿಸಿದರು. ಕೆರೆಗೆ ಬಲಿಯಾದ ಸೊಸೆ ಭಾಗೀರಥಿಯ ಕಥೆಯನ್ನು ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯಲ್ಲಿ ಕನ್ನಡಿಗರು ಉಳಿಸಿಕೊಂಡರು. ಅರಸರ ವೃತ್ತಾಂತವು ಬಲಿಯಾದವರ ಸಂಖ್ಯೆಯನ್ನು ಕೊಟ್ಟಿತು. ಹಾಡು ಹೆಸರನ್ನು ಕೊಟ್ಟಿತು.

ಹೊಸಪೇಟೆ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ಇದು ಹಳೆಯ ಚರ್ಚೆಯಲ್ಲ. ಹರಕೆಗೆ ಹೆಣ್ಣುಮಗುವನ್ನು ದೇವತೆಗೆ ಬಿಡುವ ರೂಢಿಯನ್ನು ತಡೆಯಲು ಕರ್ನಾಟಕವು 1982ರಲ್ಲಿ ದೇವದಾಸಿ ಸಮರ್ಪಣಾ ನಿಷೇಧ ಅಧಿನಿಯಮವನ್ನು ರಚಿಸಬೇಕಾಯಿತು. ಕುಟುಂಬದ ಸಂಕಟಕ್ಕೆ ಬೆಲೆ ತೆತ್ತವಳು ಹರಕೆ ಹೊತ್ತವರಲ್ಲ, ಅವರ ಮಗಳು. ನಮ್ಮ ಸಭೆಗಳೂ ಇದೇ ಪ್ರಶ್ನೆಯನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳಬೇಕು. ರೋಗಿಯ ಔಷಧಿಯನ್ನು ನಿಲ್ಲಿಸಿ ಅದನ್ನು ನಂಬಿಕೆಯ ಪರೀಕ್ಷೆಯೆನ್ನುವಾಗ, ಮನಸ್ಸಿಲ್ಲದ ಮಗನನ್ನು ತಾಯ್ತಂದೆಯರ ಹರಕೆಗಾಗಿ ಸೇವೆಗೆ ನೂಕುವಾಗ, ಮನೆಯ ಮಾನಕ್ಕಾಗಿ ಹೊಡೆತ ಸಹಿಸೆಂದು ಹೆಂಡತಿಗೆ ವಿಧೇಯತೆಯನ್ನು ಬೋಧಿಸುವಾಗ, ಸೌದೆಯ ಮೇಲೆ ಮಲಗಿರುವವರು ಯಾರು?

ರೋಮಾಪುರದವರಿಗೆ 8:32ರಲ್ಲಿ ಪೌಲನು ದೇವರು ತನ್ನ ಮಗನನ್ನು ಉಳಿಸಿಕೊಳ್ಳದೆ ಕೊಟ್ಟನೆನ್ನುವಾಗ, ಆದಿಕಾಂಡ 22ರ ಗ್ರೀಕ್ ಭಾಷಾಂತರದಲ್ಲಿ ಅಬ್ರಹಾಮನನ್ನು ಕುರಿತು ಬರುವ ಕ್ರಿಯಾಪದವನ್ನೇ ಬಳಸುತ್ತಾನೆ. ಶಿಲುಬೆಯಲ್ಲಿ ಬೆಲೆ ತೆತ್ತವನು ದೇವರು; ಅದೂ ಒಂದೇ ಸಾರಿ. ಆದಕಾರಣ ನಮ್ಮ ಕೆಲಸ ಕೆಡದಿರಲೆಂದು ಮತ್ತೊಬ್ಬರ ಮಗುವನ್ನು ಕೇಳುವ ಸ್ವರವು ಎಷ್ಟೇ ಭಕ್ತಿಯಿಂದ ನುಡಿದರೂ ನಾವು ಅದಕ್ಕೆ ‘ಇಗೋ, ಇದ್ದೇನೆ’ ಎನ್ನುವ ಅಗತ್ಯವಿಲ್ಲ. ಅಂಥ ಕಡೆ ಹುಡುಗನ ಮೇಲೆ ಕೈಯೆತ್ತಬೇಡವೆಂದು ಕೂಗುವುದೇ ಸಭೆಗೆ ಒಪ್ಪಿಸಲ್ಪಟ್ಟ ವಿಧೇಯತೆ.