ಏರಿದ್ದು ಇಳಿಯಬೇಕು

೨೦೦೯ನೆಯ ಇಸವಿಯ ಏಪ್ರಿಲ್ ೨೫ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರೈಸ್ ಎಂಬ ಊರಿನ ಬಳಿ, ಬಯಲಾದ ಹೊಲವೊಂದರಲ್ಲಿ ಜನ ಕಿಕ್ಕಿರಿದು ನೆರೆದಿದ್ದರು. ಹೊಲದ ನಡುವೆ ಒಂದು ರಾಕೆಟ್ಟು ನೆಟ್ಟಗೆ ನಿಂತಿತ್ತು. ಅದರ ಎತ್ತರ ೩೬ ಅಡಿಗೂ ತುಸು ಹೆಚ್ಚು. ತೂಕ ೧,೬೪೮ ಪೌಂಡು, ಎಂದರೆ ಸುಮಾರು ೭೫೦ ಕಿಲೋಗ್ರಾಮು. ಮನುಷ್ಯನನ್ನು ಚಂದ್ರನವರೆಗೆ ಒಯ್ದ ಸ್ಯಾಟರ್ನ್-೫ ರಾಕೆಟ್ಟನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿ ಮಾಡಿದ ಪ್ರತಿಕೃತಿ ಅದು. ಅದನ್ನು ನಿರ್ಮಿಸಿದ್ದು ಯಾವ ಸರಕಾರವೂ ಅಲ್ಲ, ಯಾವ ವಿಶ್ವವಿದ್ಯಾಲಯವೂ ಅಲ್ಲ. ಓಹಾಯೋ ರಾಜ್ಯದ ಸ್ಟೀವ್ ಈವ್ಸ್ ಎಂಬಾತ. ಮೋಟಾರು ಗಾಡಿಗಳ ನಜ್ಜುಗುಜ್ಜಾದ ಮೈಯನ್ನು ತಿದ್ದಿ ಬಣ್ಣ ಹಚ್ಚುವುದು ಆತನ ಕಸುಬು. ಒಂಬತ್ತು ಮೋಟಾರುಗಳು ಒಟ್ಟಿಗೆ ಹೊತ್ತಿಕೊಂಡವು. ರಾಕೆಟ್ಟು ೪,೪೪೧ ಅಡಿ ಏರಿತು. ಬಳಿಕ ಪ್ಯಾರಾಶೂಟುಗಳನ್ನು ಬಿಚ್ಚಿಕೊಂಡು ಅದೇ ಬಯಲಿಗೆ ಇಳಿಯಿತು.

ಈ ಸುದ್ದಿಯನ್ನು ಓದುವ ನಮಗೆ ಸಹಜವಾಗಿ ಬೆರಗೆನಿಸುವುದು ಆ ೪,೪೪೧ ಅಡಿಗಳ ಏರಿಕೆ. ಆದರೆ ಈ ಹವ್ಯಾಸವನ್ನು ಬಲ್ಲವರು ಮೊದಲು ಕೇಳುವ ಪ್ರಶ್ನೆ ಬೇರೆ. ‘ಎಷ್ಟು ಏರಿತು’ ಎಂದಲ್ಲ, ‘ಹೇಗೆ ಇಳಿಯಿತು’ ಎಂದು. ಯಾಕೆ ಹಾಗೆ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

೧೯೫೭ರ ಅಕ್ಟೋಬರಿನಲ್ಲಿ ರಷ್ಯದ ಸ್ಪುಟ್ನಿಕ್ ಭೂಮಿಯನ್ನು ಸುತ್ತತೊಡಗಿದಾಗ ಅಮೆರಿಕದ ಹುಡುಗರಿಗೆ ರಾಕೆಟ್ಟಿನ ಹುಚ್ಚು ಹಿಡಿಯಿತು. ಮನೆಯ ನೆಲಮಾಳಿಗೆಯಲ್ಲಿ ಕೂತು ಬೆಂಕಿಕಡ್ಡಿಯ ಮದ್ದನ್ನೊ, ಕಂಡಕಂಡ ರಾಸಾಯನಿಕಗಳನ್ನೊ ಕಬ್ಬಿಣದ ಕೊಳಾಯಿಗೆ ತುಂಬಿ ಹೊತ್ತಿಸಿದರು. ಬೆರಳು ಕಳೆದುಕೊಂಡವರುಂಟು, ಕಣ್ಣು ಕಳೆದುಕೊಂಡವರುಂಟು, ಪ್ರಾಣ ತೆತ್ತವರೂ ಉಂಟು. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ಕೆಲಸಕ್ಕಿದ್ದ ಹ್ಯಾರಿ ಸ್ಟೈನ್ ಎಂಬ ಲೇಖಕ ಈ ಅಪಾಯವನ್ನು ಕುರಿತು ಆ ವರ್ಷದ ಆದಿಯಲ್ಲೇ ಪತ್ರಿಕೆಯೊಂದರಲ್ಲಿ ಬರೆದಿದ್ದ. ಅದನ್ನೋದಿ ನೆಬ್ರಾಸ್ಕಾದ ನಾರ್‍ಫೋಕ್ ಪಟ್ಟಣದಿಂದ ಆತನಿಗೆ ಪತ್ರ ಬರೆದವನು ಆರ್‍ವಿಲ್ ಕಾರ್ಲೈಲ್. ಈತನದು ಜೋಡಿನ ಅಂಗಡಿ; ಬಾಣಬಿರುಸಿನ ವಿದ್ಯೆ ಆತನಿಗೆ ಚೆನ್ನಾಗಿ ಗೊತ್ತಿತ್ತು. ಮಾದರಿ ವಿಮಾನಗಳ ಗೀಳಿದ್ದ ಸೋದರನಿಗಾಗಿ ೧೯೫೪ರಲ್ಲೇ ಕಾಗದದ ಮೈ, ಹಗುರವಾದ ಮರದ ರೆಕ್ಕೆಗಳ ಪುಟ್ಟ ರಾಕೆಟ್ಟೊಂದನ್ನು ಮಾಡಿಕೊಟ್ಟಿದ್ದ. ಅದರ ಮೋಟಾರು ಮೊದಲೇ ತುಂಬಿಟ್ಟದ್ದು. ಬಳಸುವವನು ಮದ್ದನ್ನು ಮುಟ್ಟುವಂತೆಯೇ ಇಲ್ಲ. ತುದಿ ಮುಟ್ಟಿದ ಮೇಲೆ ಅದೇ ಮೋಟಾರು ಮುಂದಕ್ಕೆ ಸಣ್ಣದೊಂದು ಉಸಿರು ಬಿಟ್ಟು ಮೂಗನ್ನು ಕಳಚಿ, ಒಳಗಿನ ಪ್ಯಾರಾಶೂಟನ್ನು ಹೊರದೂಡುತ್ತದೆ. ಇಡೀ ಹವ್ಯಾಸ ನಿಂತಿರುವುದು ಈ ಎರಡು ಉಪಾಯಗಳ ಮೇಲೆ. ಮರುವರ್ಷ ಡೆನ್ವರ್ ನಗರದ ವರ್ನನ್ ಎಸ್ಟಿಸ್ ಇಂಥ ಮೋಟಾರುಗಳನ್ನು ಯಂತ್ರದಿಂದಲೇ ತಯಾರಿಸತೊಡಗಿದ. ಅಂಗೈಯಗಲದ ಆಟಿಕೆಯಾಗಿದ್ದದ್ದು ಕ್ರಮೇಣ ಆಳೆತ್ತರವನ್ನೂ ಮೀರಿ ಬೆಳೆಯಿತು.

ಹೀಗೆ ಬೆಳೆದ ದೊಡ್ಡ ರಾಕೆಟ್ಟುಗಳ ಲೋಕದಲ್ಲಿ ಮೋಟಾರುಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಹೆಸರು. ‘ಎ’ಗಿಂತ ‘ಬಿ’ ಇಮ್ಮಡಿ, ‘ಬಿ’ಗಿಂತ ‘ಸಿ’ ಇಮ್ಮಡಿ. ಅಳೆಯುವುದು ನೂಕುಬಲವನ್ನು ಮಾತ್ರವಲ್ಲ. ಆ ಬಲ ಎಷ್ಟು ಹೊತ್ತು ಇತ್ತೆಂಬುದನ್ನೂ ಸೇರಿಸಿ, ನ್ಯೂಟನ್-ಸೆಕೆಂಡುಗಳಲ್ಲಿ. ಇಮ್ಮಡಿಯ ಲೆಕ್ಕ ಎಷ್ಟು ಬೇಗ ಬೆಟ್ಟವಾಗುವುದೆಂದು ಚದುರಂಗದ ಮನೆಗಳ ಮೇಲೆ ಕಾಳಿಟ್ಟ ಕಥೆಯನ್ನು ಕೇಳಿದವರಿಗೆ ಹೇಳಬೇಕಾಗಿಲ್ಲ. ‘ಎ’ ಮೋಟಾರಿನ ಮೇಲ್ಮಿತಿ ಎರಡೂವರೆ ನ್ಯೂಟನ್-ಸೆಕೆಂಡು. ‘ಎಂ’ ಮೋಟಾರಿನದು ೧೦,೨೪೦. ‘ಎಚ್’ನಿಂದ ಮೇಲಿನವನ್ನು ಕೊಳ್ಳಬೇಕಾದರೆ ಸಂಘದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪರೀಕ್ಷೆಯೆಂದರೆ ಹೆಚ್ಚೇನೂ ಅಲ್ಲ: ಬಲ್ಲವರೊಬ್ಬರ ಕಣ್ಣೆದುರಿಗೆ ರಾಕೆಟ್ಟನ್ನು ಹಾರಿಸಿ, ಇಳಿಸಿ, ತಂದು ತೋರಿಸಬೇಕು. ಅದು ಮತ್ತೊಮ್ಮೆ ಹಾರಲು ತಕ್ಕ ಸ್ಥಿತಿಯಲ್ಲಿರಬೇಕು. ಮುಗಿಲು ಮುಟ್ಟಿದ ರಾಕೆಟ್ಟು ನೆಲಕ್ಕಪ್ಪಳಿಸಿ ಮುರಿದರೆ ಆ ಅಭ್ಯರ್ಥಿ ನಪಾಸು.

ಇನ್ನು ಖರ್ಚಿನ ಮಾತು. ಆಳೆತ್ತರ ಮೀರಿದ ರಾಕೆಟ್ಟನ್ನು ಸಾಮಾನ್ಯ ಸಂಬಳಗಾರ ಕಟ್ಟಬಹುದೇ? ಕಟ್ಟಬಹುದು, ಕಟ್ಟುತ್ತಲೂ ಇದ್ದಾರೆ. ಮೈಗೆ ಬೇಕಾದ ಕೊಳವೆ ಮನೆ ಕಟ್ಟುವವರ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. ಕಾಂಕ್ರೀಟು ಕಂಬಗಳನ್ನು ಎರಕ ಹೊಯ್ಯಲು ಅಲ್ಲಿ ದಪ್ಪ ರಟ್ಟಿನ ಕೊಳವೆಗಳನ್ನು ಅಚ್ಚಾಗಿ ಬಳಸುತ್ತಾರೆ. ಒಂದಡಿ ವ್ಯಾಸದ ಅಂಥದೊಂದನ್ನು ತಂದು, ಒಳಗಿನ ಮೇಣದ ಪದರವನ್ನು ಸುಲಿದುಹಾಕಿದರೆ ತೂಕವೂ ಇಳಿಯುತ್ತದೆ, ಅಂಟೂ ಹಿಡಿಯುತ್ತದೆ. ರೆಕ್ಕೆಗಳಿಗೆ ಪ್ಲೈವುಡ್. ಅವನ್ನು ಮೈಯ ಹೊರಗಡೆ ಬರಿದೆ ಅಂಟಿಸಿದರೆ ಸಾಲದು. ರಟ್ಟನ್ನು ಸೀಳಿ ಒಳತೂರಿಸಿ, ನಡುವಿನ ಮೋಟಾರು ಕೊಳವೆಗೇ ಎಪಾಕ್ಸಿ ಅಂಟಿನಿಂದ ಬೆಸೆಯಬೇಕು. ಮೂಗನ್ನು ಹಗುರವಾದ ನೊರೆಗಟ್ಟಿಯಲ್ಲಿ ಕೆತ್ತಿ ಗಾಜಿನ ನಾರಿನ ಬಟ್ಟೆ ಹೊದಿಸಬಹುದು. ಅಂಗಡಿಯಲ್ಲಿ ಕೊಂಡ ಸಿದ್ಧ ಭಾಗಗಳಿಗೆ ಹೋಲಿಸಿದರೆ ಇದೆಲ್ಲಕ್ಕೂ ತಗಲುವ ಹಣ ಅಲ್ಪ. ತಗಲುವುದು ಸಂಜೆಗಳು, ಭಾನುವಾರಗಳು, ಮನೆಯವರ ಸಹನೆ.

ಲೋಹದ ಮೈಯೇ ಗಟ್ಟಿಯಲ್ಲವೆ ಎಂದು ಕೇಳಬಹುದು. ಇಲ್ಲಿ ನಮ್ಮ ನಾಡಿನ ಒಂದು ಸಂಗತಿ ನೆನಪಾಗುತ್ತದೆ. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದನ್ನು ಅಗೆದಾಗ ಟಿಪ್ಪುವಿನ ಕಾಲದ ಸಾವಿರಕ್ಕೂ ಮಿಕ್ಕ ರಾಕೆಟ್ಟುಗಳು ತುಕ್ಕು ಹಿಡಿದು ಬಿದ್ದಿದ್ದವು. ಮೈಸೂರಿನ ಆ ರಾಕೆಟ್ಟುಗಳ ಹಿರಿಮೆಯೇ ಅವುಗಳ ಕಬ್ಬಿಣದ ಕೋಶ. ರಟ್ಟಿನ ಕೋಶ ತಡೆಯಲಾರದ ಒತ್ತಡವನ್ನು ಅದು ತಡೆಯುತ್ತಿತ್ತು, ಅದರಿಂದಲೇ ದೂರ ಹೋಗುತ್ತಿತ್ತು. ಆದರೆ ಯುದ್ಧದ ರಾಕೆಟ್ಟಿಗೆ ಹಿಂದಿರುಗಿ ಬರಬೇಕೆಂಬ ಹಂಗಿಲ್ಲ. ಹವ್ಯಾಸಿಯ ನಿಯಮ ಇದಕ್ಕೆ ತೀರ ವಿರುದ್ಧ: ಮೈ ಕಾಗದದ್ದು, ಮರದ್ದು, ಪ್ಲಾಸ್ಟಿಕ್ಕಿನದು, ಗಾಜುನಾರಿನದು ಆಗಿರತಕ್ಕದ್ದು, ಅನಿವಾರ್ಯವಾದಲ್ಲಿ ಮಾತ್ರ ಮೆದುಲೋಹ. ಎಡವಟ್ಟಾದರೆ ತಾನು ಮುರಿಯಬೇಕೇ ಹೊರತು ಎದುರಿನದನ್ನು ಮುರಿಯಬಾರದು.

ನೆಟ್ಟಗೆ ಹಾರಿಸುವುದರ ಗುಟ್ಟು ಬಿಲ್ಲುಗಾರರಿಗೆ ಎಂದೋ ಗೊತ್ತಿತ್ತು. ಬಾಣದ ತುದಿಗೆ ಕಬ್ಬಿಣ, ಹಿಂದೆ ಗರಿ. ಭಾರ ಮುಂದಿರಬೇಕು, ಗಾಳಿ ಹಿಡಿಯುವ ಅಗಲ ಹಿಂದಿರಬೇಕು. ಗಾಳಿಯ ಬಲ ಒಟ್ಟಾಗಿ ತಾಗುವ ಬಿಂದುವಿಗಿಂತ ಭಾರದ ಬಿಂದು ಕನಿಷ್ಠಪಕ್ಷ ಮೈಯ ಒಂದು ವ್ಯಾಸದಷ್ಟಾದರೂ ಮುಂದಿರಬೇಕೆಂಬುದು ವಾಡಿಕೆಯ ಅಳತೆ. ಮೊದಲಿನ ಬಿಂದುವನ್ನು ಕಾಗದದ ಮೇಲೆ ಗುಣಿಸಿ ತೆಗೆಯುವ ಸೂತ್ರವನ್ನು ಜೇಮ್ಸ್ ಬ್ಯಾರೋಮನ್ ೧೯೬೬ರಲ್ಲಿ ಹವ್ಯಾಸಿಗಳ ಮುಂದಿಟ್ಟ. ಅದಕ್ಕೂ ಹಿಂದಿನ ಬಡವರ ಉಪಾಯವೊಂದಿದೆ: ರಾಕೆಟ್ಟಿನ ಪಕ್ಕದ ನೆರಳನ್ನು ರಟ್ಟಿನಲ್ಲಿ ಕತ್ತರಿಸಿ, ಚಾಕುವಿನ ಅಲಗಿನ ಮೇಲೆ ತೂಗಿಸುವುದು. ರಟ್ಟು ತೂಗಿ ನಿಂತ ಜಾಗಕ್ಕಿಂತ, ಮೋಟಾರು ತುಂಬಿದ ನಿಜವಾದ ರಾಕೆಟ್ಟು ತೂಗುವ ಜಾಗ ಮೂಗಿನ ಕಡೆಗಿದ್ದರೆ ಭಯವಿಲ್ಲ. ಇಲ್ಲವಾದರೆ ಮೂಗಿನೊಳಗೆ ಸೀಸದ ಗುಂಡುಗಳನ್ನು ಸುರಿಯಬೇಕು. ಲಕ್ಷ ರೂಪಾಯಿಯ ಯಂತ್ರ ಹೇಳುವುದಕ್ಕೂ ಈ ರಟ್ಟು ಹೇಳುವುದಕ್ಕೂ ವ್ಯತ್ಯಾಸವಿದೆ, ನಿಜ; ಆದರೆ ರಟ್ಟು ತಪ್ಪುವುದು ಹೆಚ್ಚಾಗಿ ಎಚ್ಚರದ ಕಡೆಗೇ.

ಮೋಟಾರು ಮಾತ್ರ ದುಬಾರಿ. ರಬ್ಬರಿನಂಥ ಅಂಟಿನಲ್ಲಿ ಅಮೋನಿಯಂ ಪರ್‍ಕ್ಲೋರೇಟ್ ಬೆರೆತ ಘನ ಇಂಧನ ಅದು; ೨೦೧೧ರವರೆಗೆ ಹಾರಿದ ಅಮೆರಿಕದ ಬಾಹ್ಯಾಕಾಶ ಷಟಲ್ಲಿನ ಪಕ್ಕದ ಬೂಸ್ಟರುಗಳಲ್ಲಿದ್ದದ್ದೂ ಇದೇ ಜಾತಿಯದು. ಇದನ್ನು ಸ್ಫೋಟಕಗಳ ಪಟ್ಟಿಗೆ ಸೇರಿಸಿದ್ದು ಸರಿಯಲ್ಲವೆಂದು ಹವ್ಯಾಸಿಗಳ ಎರಡು ಸಂಘಗಳು ೨೦೦೦ದಲ್ಲಿ ಸರಕಾರದ ಮೇಲೆ ದಾವೆ ಹೂಡಿದವು. ೨೦೦೯ರ ಮಾರ್ಚಿನಲ್ಲಿ, ಈವ್ಸನ ಹಾರಾಟಕ್ಕೆ ಸುಮಾರು ಆರು ವಾರ ಮೊದಲು, ತೀರ್ಪು ಅವರ ಪರವಾಯಿತು. ಅಲ್ಯೂಮಿನಿಯಂ ಕೋಶವನ್ನು ಮತ್ತೆ ಮತ್ತೆ ಬಳಸಬಹುದು, ಗೆಳೆಯರಿಂದ ಎರವಲೂ ತರಬಹುದು. ಇಂಧನದ ತುಂಡುಗಳನ್ನು ಮಾತ್ರ ಪ್ರತಿ ಸಲವೂ ಕೊಳ್ಳಬೇಕು. ಆದ್ದರಿಂದಲೇ ಜಾಣ ಹವ್ಯಾಸಿ ಎತ್ತರದ ಆಸೆಯನ್ನು ಬಿಟ್ಟು ಗಾತ್ರದ ಆಸೆಯನ್ನು ಹಿಡಿಯುತ್ತಾನೆ. ದೊಡ್ಡ ಹಗುರ ಮೈಗೆ ಮಧ್ಯಮ ಮೋಟಾರು: ನಿಧಾನವಾಗಿ, ಗಂಭೀರವಾಗಿ, ತೇರು ಹೊರಟ ಹಾಗೆ ಏರುತ್ತದೆ. ಆದರೂ ಸರಾಸರಿ ನೂಕು ರಾಕೆಟ್ಟಿನ ತೂಕದ ಮೂರು ಪಟ್ಟಿಗಿಂತ ಕಡಿಮೆಯಿರಕೂಡದು.

ಒಂದು ಲೆಕ್ಕ ನೋಡೋಣ. ಹತ್ತು ಕಿಲೋಗ್ರಾಮಿನ ರಾಕೆಟ್ಟು. ೭೫೦ ನ್ಯೂಟನ್ ಬಲದಿಂದ ಎರಡು ಸೆಕೆಂಡು ಉರಿಯುವ ‘ಕೆ’ ಮೋಟಾರು. ಗಾಳಿಯ ತಡೆಯನ್ನು ಮರೆತರೆ ಅದು ಸುಮಾರು ಒಂದು ಕಿಲೋಮೀಟರು ಏರೀತು. ಒಂದಡಿ ಅಗಲದ ಮೈಯನ್ನು ಗಾಳಿ ಮರೆಯುವುದಿಲ್ಲವಾದ್ದರಿಂದ ನಿಜದಲ್ಲಿ ಬಹಳ ಕಡಿಮೆ. ಐನೂರು ಮೀಟರೆಂದೇ ಹಿಡಿಯೋಣ. ಅಲ್ಲಿಂದ ಪ್ಯಾರಾಶೂಟು ಬಿಚ್ಚದೆ, ಮೂಗು ಕೆಳಗಾಗಿ ಬಿದ್ದರೆ? ತಡೆಯಿಲ್ಲದ ಲೆಕ್ಕದಲ್ಲಿ ನೆಲ ಮುಟ್ಟುವಾಗಿನ ವೇಗ ಗಂಟೆಗೆ ೩೫೦ ಕಿಲೋಮೀಟರಿಗೂ ಮಿಗಿಲು. ತಡೆ ಅದನ್ನು ಎಷ್ಟೇ ತಗ್ಗಿಸಲಿ, ಮೂಗಿನಲ್ಲಿ ಸೀಸವಿರುವ ಹತ್ತು ಕಿಲೋ ಭಾರದ ಕೆಳಗೆ ಯಾರೂ ನಿಲ್ಲಬಯಸರು. ಅದೇ ರಾಕೆಟ್ಟು ಸೆಕೆಂಡಿಗೆ ಆರು ಮೀಟರಿನ ಸಾಧುವೇಗದಲ್ಲಿ ಇಳಿಯಬೇಕಾದರೆ ಚಪ್ಪಟೆ ಬಟ್ಟೆಯ ಪ್ಯಾರಾಶೂಟಿನ ವ್ಯಾಸ ಎರಡೂಮುಕ್ಕಾಲು ಮೀಟರಿನಷ್ಟಾದರೂ ಬೇಕು. ನೈಲಾನ್ ಬಟ್ಟೆ ತಂದು ಮನೆಯ ಹೊಲಿಗೆ ಯಂತ್ರದಲ್ಲೇ ಹೊಲಿದುಕೊಳ್ಳುವವರಿದ್ದಾರೆ. ಹೊಲಿಗೆಯಲ್ಲಿ ಉಳಿತಾಯ ಮಾಡಬಹುದು. ಹಗ್ಗದಲ್ಲಿ, ಗಂಟಿನಲ್ಲಿ, ಕೊಂಡಿಯಲ್ಲಿ ಮಾಡಕೂಡದು.

ಪ್ಯಾರಾಶೂಟು ತುದಿಯಲ್ಲೇ ಪೂರ್ತಿ ಬಿಚ್ಚಿದರೆ ಗಾಳಿ ರಾಕೆಟ್ಟನ್ನು ಊರಾಚೆಗೆ ಒಯ್ದೀತು. ಅದಕ್ಕಾಗಿ ತುದಿಯಲ್ಲಿ ಒಂದು ಸಣ್ಣ ಕೊಡೆ, ನೆಲಕ್ಕೆ ಇನ್ನೂರು ಮುನ್ನೂರು ಮೀಟರಿರುವಾಗ ದೊಡ್ಡ ಕೊಡೆ. ವಾಯುವಿನ ಒತ್ತಡವನ್ನಳೆದು ಎತ್ತರವನ್ನು ಗುರುತಿಸುವ ಪುಟ್ಟ ಎಲೆಕ್ಟ್ರಾನಿಕ್ ಸಾಧನ ಇವೆರಡನ್ನೂ ಹೊತ್ತಿಗೆ ಸರಿಯಾಗಿ ಬಿಡಿಸುತ್ತದೆ. ಅದು ಮೌನವಾಗಿಬಿಟ್ಟರೆ? ಅದಕ್ಕೆಂದೇ ಎರಡನೆಯದೊಂದು, ಅದಕ್ಕೆ ಬೇರೆಯೇ ಬ್ಯಾಟರಿ. ಕೈ ಬಿಗಿಹಿಡಿದು ಖರ್ಚುಮಾಡುವವನಿಗೆ ಇದು ದಂಡವೆಂದು ತೋರುವುದು ಸಹಜ. ನೂರರಲ್ಲಿ ತೊಂಬತ್ತು ಸಲ ಅದು ಮಾಡುವ ಕೆಲಸ ಏನೂ ಇರುವುದಿಲ್ಲ. ಆದರೆ ಇಡೀ ರಾಕೆಟ್ಟಿನಲ್ಲಿ ನೆರೆಯವನ ತಲೆಯ ಲೆಕ್ಕವನ್ನು ಹಿಡಿದಿರುವ ವಸ್ತುವೆಂದರೆ ಅದೊಂದೇ.

ಹಾರಿಸುವ ದಿನದ ಕಟ್ಟುಪಾಡುಗಳನ್ನು ಚುಟುಕಾಗಿ ಹೇಳುತ್ತೇನೆ. ವಿಮಾನಯಾನ ಇಲಾಖೆಯ ಅನುಮತಿ ಬೇಕು. ಗಾಳಿ ಗಂಟೆಗೆ ೨೦ ಮೈಲಿಗಿಂತ ಜೋರಾಗಿರಕೂಡದು. ಹೊತ್ತಿಸುವುದು ವಿದ್ಯುತ್ತಿನಿಂದ, ದೂರದಿಂದ: ‘ಎಚ್’ ಮೋಟಾರಿಗೆ ೧೦೦ ಅಡಿ, ‘ಕೆ’ಗೆ ೨೦೦, ‘ಎಂ’ಗೆ ೫೦೦. ಒತ್ತಿದರೂ ಹೊತ್ತದಿದ್ದರೆ ಕುತೂಹಲದಿಂದ ಓಡಿಹೋಗುವಂತಿಲ್ಲ, ಕಾಯಬೇಕು.

ಹೊತ್ತಿಕೊಂಡಿತೆನ್ನಿ. ಎರಡು ಸೆಕೆಂಡು ಬೆಂಕಿ, ಗುಡುಗು, ಅನಂತರ ಸದ್ದಿಲ್ಲ. ಹೊಗೆಯ ಕಂಬದ ಮೇಲೆ ರಾಕೆಟ್ಟು ಸುಮ್ಮನೆ ಏರುತ್ತ, ಚಿಕ್ಕದಾಗುತ್ತ, ತುದಿಯಲ್ಲಿ ಒಂದು ಕ್ಷಣ ನಿಂತಂತೆ ಕಾಣುತ್ತದೆ. ಆಗ ಬಯಲಿನಲ್ಲಿ ಯಾರೂ ಮಾತಾಡುವುದಿಲ್ಲ. ಚಿಟ್ಟೆಂದು ಸಣ್ಣ ಹೊಗೆಯೊಂದು ಕಂಡು, ಮೈ ಎರಡಾಗಿ, ನಡುವಿನ ಹಗ್ಗ ಬಿಗಿದಾಗ ಮೊದಲ ಉಸಿರು. ಬಣ್ಣದ ದೊಡ್ಡ ಕೊಡೆ ಅರಳಿದಾಗ ಎರಡನೆಯದು. ಆಮೇಲೆ ಯಜಮಾನ ಕುರುಚಲು ಗಿಡಗಳ ನಡುವೆ ಅರ್ಧ ಮೈಲಿ ನಡೆದುಹೋಗಿ ಹುಡುಕುತ್ತಾನೆ. ಒಳಗಿನ ಸಾಧನ ತಾನು ಮುಟ್ಟಿದ ಎತ್ತರವನ್ನು ಕೀಚು ದನಿಯಲ್ಲಿ ಅಂಕಿ ಅಂಕಿಯಾಗಿ ಎಣಿಸಿ ಹೇಳುತ್ತಿರುತ್ತದೆ. ಅವನಾದರೋ ಅದಕ್ಕೆ ಕಿವಿಗೊಡದೆ, ಮೊದಲು ಮಂಡಿಯೂರಿ ಕೂತು ರೆಕ್ಕೆಗಳನ್ನು ಒಂದೊಂದಾಗಿ ಅಲುಗಿಸಿ ನೋಡುತ್ತಾನೆ.