ದನಿ ಎಲ್ಲಿ ತುಂಡಾಯಿತು?

ಮೇಜಿನ ಮೇಲಿನ ಇಂಟರ್‌ನೆಟ್ ಫೋನ್ ಕೈಕೊಟ್ಟಾಗ ಕಚೇರಿಯವರು ಹೇಳುವುದು ಒಂದೇ ಮಾತು: ‘ಫೋನ್ ಸರಿ ಇಲ್ಲ.’ ಇದನ್ನು ಸರಿಪಡಿಸಲು ಬಲ್ಲವರು ಅಷ್ಟಕ್ಕೇ ಲ್ಯಾಪ್‌ಟಾಪ್ ತೆರೆಯುವುದಿಲ್ಲ, ಫೋನನ್ನೂ ಮುಟ್ಟುವುದಿಲ್ಲ. ಮೊದಲು ಕೂತು ಕೇಳುತ್ತಾರೆ. ಆ ಕಡೆಯವರ ದನಿ ನಿಮಗೆ ಕೇಳಿಸುವುದಿಲ್ಲವೋ, ನಿಮ್ಮದು ಅವರಿಗೋ? ಬರುವ ಕರೆಗೆ ಮಾತ್ರ ಹೀಗೋ, ನೀವು ಮಾಡಿದ್ದಕ್ಕೂ ಹೀಗೋ? ಎಷ್ಟು ಹೊತ್ತು ಮಾತಾಡಿದ ಮೇಲೆ ಕಟ್ಟಾಯಿತು? ಬೆಳಿಗ್ಗೆಯೂ ಇತ್ತೋ, ಸಂಜೆ ಮಾತ್ರವೋ? ಸುಮ್ಮನೆ ಹೊತ್ತು ಕಳೆಯುತ್ತಿದ್ದಾರೆ ಅನ್ನಿಸಬಹುದು. ಆದರೆ ಈ ಕಸುಬಿನ ಅರ್ಧಕ್ಕಿಂತ ಹೆಚ್ಚು ಜಾಣತನ ಇರುವುದು ಇಲ್ಲೇ. ದಿಕ್ಕು ಮತ್ತು ಹೊತ್ತು ಎರಡೂ ಗೊತ್ತಾದರೆ ದೋಷ ಅಡಗಿರುವ ಜಾಗ ಬಹುಪಾಲು ಗೊತ್ತಾದಂತೆ.

ಇಂಟರ್‌ನೆಟ್ ಫೋನು ನಮ್ಮ ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಸೆಕೆಂಡಿಗೆ 50ರಂತೆ ಪ್ಯಾಕೆಟ್ಟುಗಳನ್ನು ಕಳಿಸುತ್ತದೆ. ಹಳೆಯ, ನಂಬಿಕಸ್ಥ ಜಿ.711 ಕೊಡೆಕ್ ಬಳಸಿದರೂ ಒಂದು ಕರೆಗೆ ಒಂದೊಂದು ದಿಕ್ಕಿಗೆ ಬೇಕಾಗುವುದು ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ವೇಗ ಅಷ್ಟೇ. ಇಷ್ಟು ಸಣ್ಣ ಹಸಿವಿನ ಯಂತ್ರ ನೂರು ಎಂಬಿಯ ಫೈಬರ್ ಲೈನಿನಲ್ಲಿ ಏಕೆ ಒದ್ದಾಡುತ್ತದೆ? ವೆಬ್ ಪುಟದ ಒಂದು ತುಣುಕು ದಾರಿಯಲ್ಲಿ ಕಳೆದುಹೋದರೆ ಕಂಪ್ಯೂಟರ್ ಅದನ್ನು ಮತ್ತೆ ತರಿಸಿಕೊಳ್ಳುತ್ತದೆ, ನಮಗೆ ತಿಳಿಯುವುದೂ ಇಲ್ಲ. ಮಾತಿಗೆ ಆ ಪುರಸೊತ್ತಿಲ್ಲ. ತಡವಾಗಿ ಬಂದ ಅಕ್ಷರ ಬಾರದ ಅಕ್ಷರಕ್ಕೆ ಸಮ. ಸ್ವಲ್ಪ ಹಿಂದುಮುಂದಾಗಿ ಬಂದವನ್ನು ಸರಿದೂಗಿಸಲು ಫೋನಿನೊಳಗೆ ಒಂದು ಚಿಕ್ಕ ಬಫರ್ ಇರುತ್ತದೆ ನಿಜ, ಆದರೆ ಅದನ್ನು ಹಿಗ್ಗಿಸುತ್ತ ಹೋದರೆ ಮಾತು ತಡವಾಗಿ ತಲುಪಿ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡತೊಡಗುತ್ತಾರೆ. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಚೆನ್ನ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೇ ಹೇಳಿದೆ. ಹಾಗಾಗಿ ‘ಯೂಟ್ಯೂಬ್ ಚೆನ್ನಾಗೇ ಓಡ್ತಿದೆಯಲ್ಲ’ ಎಂಬ ವಾದಕ್ಕೆ ಇಲ್ಲಿ ಬೆಲೆಯಿಲ್ಲ.

ಹುಬ್ಬಳ್ಳಿಯಂಥ ಊರಿನ ಒಂದು ಆಡಿಟರ್ ಕಚೇರಿ ಎಂದಿಟ್ಟುಕೊಳ್ಳಿ. ಏಳೆಂಟು ಫೋನು, ಒಂದು ನೆಟ್‌ವರ್ಕ್ ಸ್ವಿಚ್ಚು, ಕೇಬಲ್ಲಿನವರು ಕೊಟ್ಟ ಫೈಬರ್ ರೂಟರ್, ಬಾಗಿಲಿಗೊಂದು ಸಿಸಿಟಿವಿ. ದೂರು ಹೀಗಿದೆ: ಸಂಜೆಯಾದರೆ ಕಕ್ಷಿದಾರರಿಗೆ ನಮ್ಮ ವಾಯ್ಸ್ ಕಟ್ ಕಟ್ ಆಗುತ್ತದೆ, ಅವರದ್ದು ನಮಗೆ ಸ್ಪಷ್ಟ. ಬಲ್ಲವರಿಗೆ ಇದೇ ಸಾಕು. ಹೊರಹೋಗುವ ದಾರಿ ತುಂಬಿದೆ. ಸಂಜೆ ಏನು ಹೊರಹೋಗುತ್ತದೆ ಎಂದು ವಿಚಾರಿಸಿದರೆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಬ್ಯಾಕಪ್ ಆನ್‌ಲೈನ್ ಡ್ರೈವಿಗೆ ಏರುವುದು ಆಗಲೇ ಎಂದು ಗೊತ್ತಾಗುತ್ತದೆ. ರೂಟರು ಪ್ಯಾಕೆಟ್ಟುಗಳನ್ನು ಬಿಸಾಡುವ ಬದಲು ಉದ್ದ ಸಾಲಿನಲ್ಲಿ ನಿಲ್ಲಿಸಿಕೊಂಡಿರುತ್ತದೆ, ನಮ್ಮ ಮಾತಿನ ಪುಟ್ಟ ತುಣುಕು ಆ ಸಾಲಿನ ಬಾಲದಲ್ಲಿ ಸಿಕ್ಕಿಬೀಳುತ್ತದೆ. ಈ ರೋಗಕ್ಕೆ ‘ಬಫರ್‌ಬ್ಲೋಟ್’ ಎಂಬ ಹೆಸರಿಟ್ಟು 2010ರ ಸುಮಾರಿಗೆ ಗದ್ದಲ ಎಬ್ಬಿಸಿದವರು ಜಿಮ್ ಗೆಟಿಸ್ ಎಂಬ ತಂತ್ರಜ್ಞರು. ಮದ್ದು ವಿಚಿತ್ರವಾಗಿದೆ. ಅಪ್‌ಲೋಡ್ ವೇಗವನ್ನು ಲೈನಿನ ಮಿತಿಗಿಂತ ತುಸು ಕಡಿಮೆಗೆ ಕಟ್ಟಿಹಾಕಿ, ದನಿಗೆ ಮೊದಲ ಪಾಳಿ ಕೊಡುವಂತೆ ರೂಟರಿಗೆ ಹೇಳಬೇಕು. ವೇಗ ಇಳಿಸಿದ್ದಕ್ಕೆ ಮಾತು ಸರಿಹೋಯಿತೆಂದರೆ ಮಾಲೀಕರು ನಂಬುವುದು ಕಷ್ಟ. ಅವರು ಆ ಹೊತ್ತಿಗೆ ಇನ್ನೂ ದೊಡ್ಡ ಪ್ಲಾನಿಗೆ ದುಡ್ಡು ಕಟ್ಟಲು ಹೊರಟಿರುತ್ತಾರೆ.

ಒಂದೇ ಮೇಜಿನ ಫೋನು ತೊಂದರೆ ಕೊಟ್ಟರೆ ದಾರಿ ಬೇರೆ. ಆ ಫೋನನ್ನು ಪಕ್ಕದ ಮೇಜಿಗೆ, ಪಕ್ಕದ್ದನ್ನು ಇಲ್ಲಿಗೆ ಇಡುತ್ತಾರೆ. ಕಾಯಿಲೆ ಫೋನಿನ ಹಿಂದೆ ಹೋಯಿತೇ, ಮೇಜಿನಲ್ಲೇ ಉಳಿಯಿತೇ? ಮೇಜಿನಲ್ಲೇ ಉಳಿದರೆ ಕೇಬಲ್ಲನ್ನೋ ಸ್ವಿಚ್ಚಿನ ಪೋರ್ಟನ್ನೋ ಅನುಮಾನಿಸಬೇಕು. ಅಗ್ಗದ ಕೇಬಲ್ಲಿನ ತಂತಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿದರೆ ಕೆಲವೊಮ್ಮೆ ತಾಮ್ರದ ಲೇಪದಡಿ ಬೆಳ್ಳಗಿನ ಅಲ್ಯೂಮಿನಿಯಂ ಕಾಣುತ್ತದೆ. ಈ ಫೋನುಗಳಿಗೆ ವಿದ್ಯುತ್ತೂ ಅದೇ ಕೇಬಲ್ಲಿನಲ್ಲಿ ಬರುವುದರಿಂದ, ಉದ್ದ ಹೆಚ್ಚಾದಂತೆ ವೋಲ್ಟೇಜ್ ಕುಸಿದು ಫೋನು ನಡುನಡುವೆ ತಾನೇ ಆರಿ ಹತ್ತಬಹುದು. ಇನ್ನೊಂದು ಕೀಟಲೆ ಇದೆ. ಮೇಜಿನ ಫೋನಿಗೆ ಸಾಮಾನ್ಯವಾಗಿ ಎರಡು ಕಿಂಡಿ: ಒಂದು ಗೋಡೆಯ ಸಾಕೆಟ್ಟಿಗೆ, ಇನ್ನೊಂದು ಕಂಪ್ಯೂಟರಿಗೆ. ಕಸ ಗುಡಿಸುವಾಗ ಕಳಚಿದ ತಂತಿಯನ್ನು ಯಾರೋ ಉಪಕಾರಕ್ಕೆಂದು ಗೋಡೆಗೇ ಸಿಕ್ಕಿಸಿದರೆ ಎರಡೂ ತುದಿ ಒಂದೇ ಸ್ವಿಚ್ಚಿಗೆ ಸೇರಿ ಸುತ್ತು ಬಿದ್ದುಬಿಡುತ್ತದೆ. ಸ್ವಿಚ್ಚಿಗೆ ಅದನ್ನು ತಡೆಯುವ ಬುದ್ಧಿ ಇಲ್ಲದಿದ್ದರೆ ಒಂದು ಫೋನಲ್ಲ, ಇಡೀ ಕಚೇರಿಯ ನೆಟ್‌ವರ್ಕೇ ಮಲಗುತ್ತದೆ.

ನನಗೆ ಬೆರಗು ಹುಟ್ಟಿಸುವುದು ಮಾತ್ರ ವಿಳಾಸದ ಗೊಂದಲಗಳನ್ನು ಈ ಬಲ್ಲವರು ಬಿಡಿಸುವ ಬಗೆ. ಕಚೇರಿಯೊಳಗಿನ ಫೋನಿಗೆ ಸಾಮಾನ್ಯವಾಗಿ 192.168ರಿಂದ ಶುರುವಾಗುವ ಖಾಸಗಿ ವಿಳಾಸ ಇರುತ್ತದೆ. ಹೊರಗಿನವರಿಗೆ ಅದು ತಿಳಿಯದು. ರೂಟರು ಪ್ಯಾಕೆಟ್ಟಿನ ಹೊರಗಿನ ವಿಳಾಸವನ್ನೇನೋ ಬದಲಿಸುತ್ತದೆ, ಆದರೆ ಕರೆ ಜೋಡಿಸುವ ಸಿಪ್ ಸಂದೇಶದ ಒಳಗೂ ಫೋನು ತನ್ನ ವಿಳಾಸ ಬರೆದಿರುತ್ತದೆ. ಲಕೋಟೆಯ ಮೇಲೆ ಸರಿಯಾದ ವಿಳಾಸವಿದ್ದು, ಒಳಗಿನ ಕಾಗದದಲ್ಲಿ ‘ಉತ್ತರವನ್ನು ಹಿತ್ತಲಮನೆಗೆ ಕಳಿಸಿ’ ಎಂದಷ್ಟೇ ಬರೆದಂತೆ. ಉತ್ತರ ಎಲ್ಲಿಗೆ ಬಂದೀತು? ಹೀಗಾದಾಗ ನಮ್ಮ ಮಾತು ಅವರಿಗೆ ಮುಟ್ಟುತ್ತದೆ, ಅವರದ್ದು ನಮಗೆ ಮುಟ್ಟುವುದಿಲ್ಲ.

ಇದರದ್ದೇ ಇನ್ನೊಂದು ರೂಪ ಇನ್ನೂ ಸೊಗಸಾಗಿದೆ. ಬಂದ ಕರೆ ಎತ್ತಿದಿರಿ, ಮಾತೂ ಚೆನ್ನಾಗಿ ನಡೆಯುತ್ತಿದೆ, ಅರ್ಧ ನಿಮಿಷ ಕಳೆಯುತ್ತಿದ್ದಂತೆ ಕಟ್. ಪ್ರತಿ ಸಲವೂ ಅಷ್ಟೇ ಹೊತ್ತು. ಗಡಿಯಾರ ಹಿಡಿದು ನೋಡಿದರೆ 32 ಸೆಕೆಂಡು. 2002ರಲ್ಲಿ ಬಂದ ಸಿಪ್ ನಿಯಮಾವಳಿಯಲ್ಲೇ ಈ ಲೆಕ್ಕವಿದೆ. ಫೋನು ‘ಎತ್ತಿದೆ’ ಎಂದು ಹೇಳಿದ ಮೇಲೆ ಆ ಕಡೆಯಿಂದ ‘ತಿಳಿಯಿತು’ ಎಂಬ ಮರುನುಡಿ ಬರಬೇಕು. ಒಳಗಿನ ವಿಳಾಸ ತಪ್ಪಾಗಿ ಅದು ಬಾರದಿದ್ದರೆ ಫೋನು ಮೊದಲು ಅರ್ಧ ಸೆಕೆಂಡಿಗೆ, ಆಮೇಲೆ ಇನ್ನಷ್ಟು ಬಿಡುವು ಕೊಟ್ಟು ಹೇಳಿದ್ದನ್ನೇ ಹೇಳುತ್ತದೆ. ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡು ಕಾದು ಕೈಬಿಡುತ್ತದೆ. 15 ನಿಮಿಷಕ್ಕೋ 30 ನಿಮಿಷಕ್ಕೋ ತಪ್ಪದೆ ಕಟ್ಟಾದರೆ ಅನುಮಾನ ಬೇರೆಡೆಗೆ: ಕರೆ ಇನ್ನೂ ಜೀವಂತವಿದೆಯೇ ಎಂದು ಆಗಾಗ ಕೇಳುವ ಸೆಷನ್ ಟೈಮರ್. ಅವಧಿ 1800 ಸೆಕೆಂಡು ಇಟ್ಟಿದ್ದರೆ ವಿಚಾರಣೆ ಅದರ ಅರ್ಧಕ್ಕೆ ನಡೆಯುವುದು ವಾಡಿಕೆ. ಹೊರಗೆ ಕರೆ ಹೋಗುತ್ತದೆ, ಆದರೆ ಸುಮ್ಮನಿದ್ದು ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬರುವುದಿಲ್ಲ ಎಂದರೆ, ರೂಟರು ತಾನು ತೆರೆದಿಟ್ಟ ಕಿಂಡಿಯನ್ನು ಬಳಕೆಯಿಲ್ಲವೆಂದು ಮುಚ್ಚಿದೆ ಎಂದರ್ಥ. ಕಿಂಡಿ ಮುಚ್ಚದಂತೆ ಆಗಾಗ ಸಂದೇಶ ಕಳಿಸುವ ಕೀಪ್-ಅಲೈವ್ ಅನ್ನು ಫೋನಿನಲ್ಲಿ 20–30 ಸೆಕೆಂಡಿಗೆ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಷ್ಟಕ್ಕೂ ಮುಂಚೆ ಅನುಭವಸ್ಥರು ರೂಟರಿನ ‘ಸಿಪ್ ಎಎಲ್‌ಜಿ’ಯನ್ನು ಆಫ್ ಮಾಡಿರುತ್ತಾರೆ. ಒಳಗಿನ ವಿಳಾಸ ತಿದ್ದಿ ಸಹಾಯ ಮಾಡಲೆಂದೇ ಇಟ್ಟ ಸೌಲಭ್ಯ ಅದು, ಎಷ್ಟೋ ಅಗ್ಗದ ರೂಟರುಗಳಲ್ಲಿ ಅರೆಬರೆ ತಿದ್ದಿ ಕೆಡಿಸುವುದೇ ಹೆಚ್ಚು.

ಊಹೆಯಲ್ಲಿ ಬಗೆಹರಿಯದಿದ್ದಾಗ ವೈರ್‌ಶಾರ್ಕ್ ಹೊರಗೆ ಬರುತ್ತದೆ. 1998ರಲ್ಲಿ ಜೆರಾಲ್ಡ್ ಕೂಂಬ್ಸ್ ಈಥರಿಯಲ್ ಎಂಬ ಹೆಸರಿನಲ್ಲಿ ಬಿಟ್ಟ ಈ ತಂತ್ರಾಂಶ ಇಂದಿಗೂ ಉಚಿತ. ತಂತಿಯಲ್ಲಿ ಹರಿಯುವ ಪ್ಯಾಕೆಟ್ಟುಗಳನ್ನು ಹಿಡಿದು, ಒಂದು ಕರೆಯ ಸಂದೇಶಗಳನ್ನು ಎರಡು ಕಂಬಗಳ ನಡುವೆ ಓಡಾಡುವ ಬಾಣಗಳಾಗಿ ತೋರಿಸುತ್ತದೆ. ಯಾವ ಬಾಣ ಹೋಗಿ ಮರಳಲಿಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ. ಇಂಟರ್‌ನೆಟ್ ಕೊಟ್ಟವರಿಗೂ ಫೋನ್ ಸೇವೆ ಕೊಟ್ಟವರಿಗೂ ‘ನಮ್ಮದಲ್ಲ, ಅವರದು’ ಎಂಬ ಜಗಳ ಹತ್ತಿದಾಗ ಅದನ್ನು ಮುಗಿಸುವುದು ಈ ಚಿತ್ರವೇ.

ಸಣ್ಣಪುಟ್ಟವು ಇನ್ನೂ ಇವೆ. ನಿಮ್ಮ ದನಿಯೇ ನಿಮಗೆ ಮರಳಿ ಕೇಳಿಸಿದರೆ ತಪ್ಪು ಹೆಚ್ಚಾಗಿ ಆ ಕಡೆಯ ಫೋನಿನದು, ನಿಮ್ಮದನ್ನು ಬಿಚ್ಚಿ ಫಲವಿಲ್ಲ. ಕರೆಂಟ್ ಹೋದಾಗ ಕಂಪ್ಯೂಟರ್ ಉಳಿದು ಫೋನು ಸತ್ತರೆ, ಸ್ವಿಚ್ಚು ಯುಪಿಎಸ್‌ಗೆ ಸೇರಿಲ್ಲ ಎಂದರ್ಥ. ಹಳೆಯ ತಾಮ್ರದ ಲ್ಯಾಂಡ್‌ಲೈನ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬದುಕುತ್ತಿತ್ತು, ಇದಕ್ಕೆ ಆ ಆಸರೆ ಇಲ್ಲ.

ನಿಮ್ಮ ಕಚೇರಿಗೂ ಇಂಥವರೊಬ್ಬರು ಬರುವುದಿದ್ದರೆ ಅವರಿಗಾಗಿ ಒಂದು ಚೀಟಿ ಬರೆದಿಡಿ: ಯಾವ ಫೋನು, ಯಾವ ನಂಬರಿನ ಕರೆ, ಎಷ್ಟು ಗಂಟೆಗೆ, ಯಾರ ದನಿ ಯಾರಿಗೆ ಕೇಳಲಿಲ್ಲ, ಎಷ್ಟು ಸೆಕೆಂಡಿಗೆ ಕಟ್ಟಾಯಿತು. ಮತ್ತೆ, ಅವರು ಬರುವ ತನಕ ರೂಟರನ್ನು ಆರಿಸಿ ಹಚ್ಚಬೇಡಿ. ಚಿಕ್ಕ ರೂಟರುಗಳಲ್ಲಿ ಆರಿಸಿದ ಕೂಡಲೇ ಲಾಗ್ ಅಳಿಸಿಹೋಗುವುದೇ ಹೆಚ್ಚು.